ರಿಜಿಸ್ಟರಿನ ಮುನ್ನೂರು ಸಾಲು ಇಟ್ಟುಕೊಂಡು ಲೈಬ್ರರಿ ಸಾಫ್ಟ್‌ವೇರ್ ಕಲಿಯುವ ಬಗೆ

ನಮ್ಮ ಲೈಬ್ರರಿಗೆ ಕಂಪ್ಯೂಟರ್ ಬಂದ ಮೇಲೆ ಒಂಬತ್ತು ವರ್ಷ ನಾನು ಅದರಲ್ಲಿ ಮಾಡಿದ್ದು ಎರಡೇ ಕೆಲಸ. ಕಮಿಟಿಗೆ ಪತ್ರ ಟೈಪ್ ಮಾಡೋದು, ಅದರ ಪ್ರಿಂಟ್ ತೆಗೆಯೋದು. ಪುಸ್ತಕದ ಲೆಕ್ಕವೆಲ್ಲ ಕೆಂಪು ಬೈಂಡಿನ ಅಕ್ಸೆಷನ್ ರಿಜಿಸ್ಟರಿನಲ್ಲೇ, ಅಂದರೆ ಬಂದ ಪುಸ್ತಕಕ್ಕೆಲ್ಲ ನಂಬರು ಕೊಟ್ಟು ಬರೆಯುವ ದಪ್ಪ ಪುಸ್ತಕದಲ್ಲೇ ಇತ್ತು. ಬಸವನಗುಡಿ ಕಡೆಯ ಸಣ್ಣ ಟ್ರಸ್ಟ್ ಲೈಬ್ರರಿ ನಮ್ಮದು. ಹತ್ತಿರ ಹತ್ತಿರ ಒಂಬತ್ತು ಸಾವಿರ ಪುಸ್ತಕ, ನಾನು, ಒಬ್ಬ ಅಟೆಂಡರ್, ಆಗಾಗ ಬಂದು ಹೋಗುವ ಅಪ್ರೆಂಟಿಸ್ ಹುಡುಗಿ. ಅಷ್ಟೇ ಬಳಗ.

ಒಂದು ದಿನ ಕಮಿಟಿಯವರು ಎಲ್ಲ ಕಂಪ್ಯೂಟರೈಸ್ ಆಗಬೇಕು ಅಂದರು. ನನ್ನನ್ನು ಒಂದು ದಿನದ ತರಬೇತಿಗೆ ಕಳಿಸಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಪರದೆ ಮೇಲೆ ಸ್ಲೈಡುಗಳು ಓಡಿದವು, ಮಧ್ಯೆ ಪುಳಿಯೋಗರೆ ಊಟ, ಕೊನೆಗೆ ಸರ್ಟಿಫಿಕೇಟು. ಮಾರನೇ ದಿನ ಕೌಂಟರಿಗೆ ಬಂದು ಕೂತರೆ ತಲೆಯಲ್ಲಿ ಉಳಿದಿದ್ದು ಪುಳಿಯೋಗರೆ ಮಾತ್ರ. ತಪ್ಪು ಪಾಠ ಮಾಡಿದವರದ್ದಲ್ಲ. ಅಲ್ಲಿ ತೋರಿಸಿದ ಪುಸ್ತಕ, ಓದುಗ, ಫೈನು ಯಾವುದೂ ನನ್ನದಾಗಿರಲಿಲ್ಲ, ಹಾಗಾಗಿ ಯಾವುದೂ ಕೈಗೆ ಹತ್ತಲಿಲ್ಲ.

ಆಮೇಲೆ ನಾನು ಕಲಿತದ್ದು ಬೇರೆ ದಾರಿಯಲ್ಲಿ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನನ್ನ ಹಾಗೆ ನಡುವಯಸ್ಸಿನಲ್ಲಿ, ಕೆಲಸದ ಮಧ್ಯೆಯೇ, ಇಂಗ್ಲಿಷ್ ಮೆನುಗಳನ್ನು ನೋಡಿ ಸ್ವಲ್ಪ ಹೆದರಿಕೊಂಡು ಕಲಿಯುತ್ತಿರುವವರಿಗೆ ಇದು.

ಮೊದಲು: ಏನನ್ನು ಇಟ್ಟುಕೊಂಡು ಕಲಿಯೋದು

2006ರಲ್ಲಿ ಅಮೆರಿಕದ ಷಾರ್ಲೆಟ್ ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಹೆಲೆನ್ ಬ್ಲೋವರ್ಸ್ ಅನ್ನುವವರು ಸಿಬ್ಬಂದಿಗೆ 23 ಸಣ್ಣ ಕೆಲಸಗಳ ಒಂದು ಪಟ್ಟಿ ಮಾಡಿಕೊಟ್ಟರು. ಒಂದು ಬ್ಲಾಗ್ ತೆರೆಯಿರಿ, ಒಂದು ಫೋಟೋ ಹಾಕಿ, ವಿಕಿಯಲ್ಲಿ ಏನಾದರೂ ಬರೆಯಿರಿ, ಹೀಗೆ. ಯಾರೂ ಎದುರು ನಿಂತು ಪಾಠ ಮಾಡಲ್ಲ. ತಾವೇ ಮಾಡಿ ನೋಡಬೇಕು, ಏನಾಯಿತು ಅಂತ ತಮ್ಮ ಬ್ಲಾಗಿನಲ್ಲಿ ಬರೆಯಬೇಕು. ಎಲ್ಲ ಮುಗಿಸಿದವರಿಗೆ ಒಂದು ಎಂಪಿ3 ಪ್ಲೇಯರ್. ಆಮೇಲೆ ಬೇರೆ ದೇಶಗಳ ಎಷ್ಟೋ ಲೈಬ್ರರಿಗಳು ಈ ಪಟ್ಟಿಯನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡವು.

ನಾನು ಅದರಿಂದ ಎತ್ತಿಕೊಂಡಿದ್ದು ಎರಡು ವಿಷಯ. ಕೆಲಸ ಸಣ್ಣದಿರಬೇಕು, ಮಾಡಿದ್ದನ್ನು ಬರೆದಿಡಬೇಕು. ಎಂಪಿ3 ಪ್ಲೇಯರ್ ನನಗೆ ಯಾರೂ ಕೊಡಲಿಲ್ಲ ಬಿಡಿ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ರಿಜಿಸ್ಟರಿನಿಂದ ಮುನ್ನೂರು ಸಾಲು ಆರಿಸಿಕೊಳ್ಳಿ. ಮೊದಲ ಮುನ್ನೂರು ಬೇಡ. ನೂರು ಹಳೆಯವು, ನೂರು ನಡುವಿನವು, ನೂರು ಹೊಸವು. ಹಳೆಯದರಲ್ಲಿ ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗುವ ಗುರುತಿನ ಸಂಖ್ಯೆ) ಇರಲ್ಲ, ನಡುವಿನದರಲ್ಲಿ ಕೈಬರಹ ಅರ್ಥವಾಗಲ್ಲ, ಹೊಸದರಲ್ಲಿ ದಾನವಾಗಿ ಬಂದವು ಜಾಸ್ತಿ. ಎಲ್ಲ ತರಹದ ತೊಂದರೆಯೂ ಈ ಮುನ್ನೂರರಲ್ಲೇ ಸಿಗಬೇಕು. ಇನ್ನು ಮುಂದೆ ಕಲಿಯುವ ಪ್ರತಿಯೊಂದು ಸಾಫ್ಟ್‌ವೇರನ್ನೂ ಈ ಮುನ್ನೂರರ ಮೇಲೇ ಪ್ರಯೋಗ ಮಾಡಿ. ಪೂರ್ತಿ ಒಂಬತ್ತು ಸಾವಿರಕ್ಕೆ ಈಗಲೇ ಕೈ ಹಾಕಬೇಡಿ.

ದಿನಕ್ಕೆ ಅರ್ಧ ಗಂಟೆ ಸಾಕು. ನಾನು ಬಾಗಿಲು ತೆರೆದ ಮೇಲೆ ಪೇಪರ್ ಓದುವ ಹಿರಿಯರು ಬಂದು ಕೂತು, ಪುಸ್ತಕ ಬದಲಿಸುವವರು ಇನ್ನೂ ಬಾರದ ಆ ಹೊತ್ತನ್ನು ಇದಕ್ಕೆ ಇಟ್ಟುಕೊಂಡಿದ್ದೆ. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ಯಾವ ಮೆನು ಒತ್ತಿದೆ, ಏನಾಯಿತು, ಏನು ಹಾಳಾಯಿತು, ಎಲ್ಲ ಕನ್ನಡದಲ್ಲೇ ಬರೆಯಿರಿ. ವೀಡಿಯೊ ನೋಡಿದ್ದು ಮೂರು ದಿನಕ್ಕೆ ಮರೆತುಹೋಗುತ್ತದೆ. ನಿಮ್ಮದೇ ಕೈಬರಹದಲ್ಲಿ "ಇಲ್ಲಿ ಸೇವ್ ಒತ್ತದೆ ಹಿಂದೆ ಹೋದರೆ ಎಲ್ಲ ಹೋಗುತ್ತದೆ" ಅಂತ ಬರೆದದ್ದು ಮರೆಯಲ್ಲ.

ಕನ್ನಡ ಟೈಪಿಂಗ್: ಬರುತ್ತದೆ ಅಂದುಕೊಂಡಿದ್ದೆ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನಾನೂ ಹಾರಿಸಿದ್ದೆ, ಆಮೇಲೆ ಎರಡು ತಿಂಗಳು ಅನುಭವಿಸಿದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಹಳೆಯ ಫೈಲುಗಳು 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇರಬಹುದು. ನೋಡೋಕೆ ಚೆನ್ನಾಗಿ ಕನ್ನಡವೇ ಕಾಣುತ್ತದೆ. ಆದರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತವೆ. ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಪರೀಕ್ಷೆ ಸುಲಭ. ಒಂದು ಸಾಲು ಕಾಪಿ ಮಾಡಿ, ಬ್ರೌಸರಿನ ಹುಡುಕುವ ಜಾಗದಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಅರ್ಥವಾಗುವ ಲಿಪಿ ಸಂಕೇತ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಅಂಟಿಸಿದ ಹಾಗೆ ಕಂಡರೆ ಹಳೆಯ ಫಾಂಟು. ಅದನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಸಾಧನಗಳಿವೆ, ನುಡಿ ತಂತ್ರಾಂಶದ ಜೊತೆಗೇ ಒಂದು ಬರುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಕಣ್ಣಲ್ಲೇ ನೋಡಿ, ಅಲ್ಲೇ ಎಡವಟ್ಟಾಗೋದು.

ಹೊಸದಾಗಿ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಶುರು ಮಾಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ. ನುಡಿಯ ಕೀಲಿಮಣೆ ಅಭ್ಯಾಸ ಇರುವವರು, ಅಂದರೆ ಕೆ.ಪಿ. ರಾವ್ ವಿನ್ಯಾಸದಲ್ಲಿ ಎಫ್ ಒತ್ತಿ ಒತ್ತಕ್ಷರ ಮಾಡುವವರು, ಹೊಸ ವಿನ್ಯಾಸ ಕಲಿಯೋಕೆ ಹೋಗಬೇಡಿ. ಬೆರಳಿಗೆ ಗೊತ್ತಿರೋದನ್ನೇ ಇಟ್ಟುಕೊಳ್ಳಿ, ಔಟ್‌ಪುಟ್ ಯೂನಿಕೋಡ್ ಅಂತ ಆರಿಸಿದರೆ ಸಾಕು.

ಈಗ ನನ್ನನ್ನು ಅಳಿಸಿದ ವಿಷಯ. ನಮ್ಮಲ್ಲಿ ಬೆಂಗಳೂರಿನ ಇತಿಹಾಸದ ಬಗ್ಗೆ ಇಪ್ಪತ್ತಕ್ಕೂ ಜಾಸ್ತಿ ಪುಸ್ತಕ ಇವೆ. ಬೆಂಗಳೂರು ಅಂತ ಹುಡುಕಿದರೆ ಹನ್ನೊಂದು ಬಂತು. ಉಳಿದವು ಎಲ್ಲಿ? ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿವೆ, ಹುಡುಕಿದರೆ ಸಿಗಲ್ಲ. ಅಪ್ರೆಂಟಿಸ್ ಹುಡುಗಿ ಒಂದು ಸಂಜೆ ಕೂತು ಕಂಡುಹಿಡಿದಳು. "ಮೇಡಂ, ಇಲ್ಲಿ ನೋಡಿ, ಇದು ಅಂ ಸೊನ್ನೆ ಅಲ್ಲ, ಲೆಕ್ಕದ ಸೊನ್ನೆ!" ಬೆರಳಚ್ಚು ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ನಿಮ್ಮ ಫೈಲಿನಲ್ಲಿ ಅಂಕಿಗಳನ್ನೆಲ್ಲ 1, 2, 3 ಅಂತಲೇ ಬರೆದಿದ್ದರೆ ಪರಿಹಾರ ಒಂದೇ ನಿಮಿಷದ್ದು. ಹುಡುಕಿ ಬದಲಿಸುವ ಕಿಟಕಿ ತೆರೆದು, ಕನ್ನಡ ಅಂಕಿಯ ಸೊನ್ನೆ ಇದ್ದ ಕಡೆಯೆಲ್ಲ ಅನುಸ್ವಾರ ಹಾಕಿ. ಕನ್ನಡ ಅಂಕಿಗಳೂ ಬೆರೆತಿದ್ದರೆ ಮೊದಲು ಅವನ್ನು ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಪುಟಸಂಖ್ಯೆಯೆಲ್ಲ ಅಂ ಆಗಿಬಿಡುತ್ತದೆ.

ಹಾಳೆಗೆ ಇಳಿಸೋದು

ಮುನ್ನೂರು ಸಾಲನ್ನು ಸ್ಪ್ರೆಡ್‌ಶೀಟಿಗೆ ಟೈಪ್ ಮಾಡಿ. ನಾನು ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುತ್ತೇನೆ. ಉಚಿತ ಅನ್ನೋದು ಒಂದು ಕಾರಣ. ಸಿಎಸ್‌ವಿ ಫೈಲು (ಕಾಲಂಗಳ ಪಟ್ಟಿಯನ್ನು ಸಾದಾ ಅಕ್ಷರದಲ್ಲಿ ಉಳಿಸಿದ ಫೈಲು) ತೆರೆಯುವಾಗ ಯಾವ ಲಿಪಿ ಸಂಕೇತ, ಯಾವ ಕಾಲಂ ಏನು ಅಂತ ಅದು ಮೊದಲೇ ಕೇಳುತ್ತದೆ ಅನ್ನೋದು ದೊಡ್ಡ ಕಾರಣ. ಯುಟಿಎಫ್-8 (ಯೂನಿಕೋಡ್ ಉಳಿಸುವ ಬಗೆ) ಆರಿಸಿ, ಎಲ್ಲ ಕಾಲಂಗೂ ಟೆಕ್ಸ್ಟ್ ಅಂತ ಕೊಡಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಎಷ್ಟೋ ಸಲ ಚಿತ್ರವಿಚಿತ್ರವಾಗಿ ಬರುತ್ತದೆ. ಅಲ್ಲಿ ಡೇಟಾ ಮೆನುವಿನಿಂದ ಒಳಗೆ ತರಬೇಕು, ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಅನ್ನೋದನ್ನೇ ಆರಿಸಬೇಕು.

ಒಂದು ಸಾಲಿಗೆ ಒಂದು ಪ್ರತಿ. ಒಂದೇ ಪುಸ್ತಕದ ಮೂರು ಪ್ರತಿ ಇದ್ದರೆ ಮೂರು ಸಾಲು, ಮೂರು ಅಕ್ಸೆಷನ್ ನಂಬರ್. ಕಾಲಂಗಳು ರಿಜಿಸ್ಟರಿನವೇ: ತಾರೀಕು, ಅಕ್ಸೆಷನ್ ನಂಬರ್, ಲೇಖಕ, ಹೆಸರು, ಪ್ರಕಾಶಕ, ಊರು, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು, ವರ್ಗ ಸಂಖ್ಯೆ, ಷರಾ. ಐಎಸ್‌ಬಿಎನ್‌ಗೂ ಒಂದು ಕಾಲಂ ಇರಲಿ. ಷರಾ ಕಾಲಂ ಬಿಡಬೇಡಿ. 'ಕಳೆದಿದೆ', 'ಗೆದ್ದಲು ತಿಂದಿದೆ', 'ಬೈಂಡಿಂಗಿಗೆ ಹೋಗಿದೆ' ಅನ್ನೋದೆಲ್ಲ ಅಲ್ಲೇ ಇರೋದು. ಅದಿಲ್ಲದಿದ್ದರೆ ಇಲ್ಲದ ಪುಸ್ತಕವೂ ಇದೆ ಅಂತ ಕ್ಯಾಟಲಾಗ್ ತೋರಿಸುತ್ತದೆ.

ಟೈಪ್ ಮಾಡುವ ಮೊದಲು ಎಲ್ಲ ಕಾಲಂ ಆರಿಸಿ ಟೆಕ್ಸ್ಟ್ ಮಾಡಿ. ಮಾಡದೆ ಇದ್ದರೆ ಮೂರು ಅನಾಹುತ. 00412 ಅನ್ನುವ ಅಕ್ಸೆಷನ್ ನಂಬರ್ 412 ಆಗುತ್ತದೆ. ತಾರೀಕು ಇದ್ದಕ್ಕಿದ್ದಂತೆ ತಿಂಗಳು ಮೊದಲು, ದಿನ ಆಮೇಲೆ ಅಂತ ಕುಣಿಯುತ್ತದೆ. ಹದಿಮೂರು ಅಂಕಿಯ ಐಎಸ್‌ಬಿಎನ್ 9.78ರ ಮುಂದೆ ಇ, ಪ್ಲಸ್, 12 ಅಂತ ಮುದುಡಿಕೊಳ್ಳುತ್ತದೆ. ಪರದೆ ಮೇಲೆ ಹಾಗೆ ಕಂಡಾಗ ಒಳಗೆ ಪೂರ್ತಿ ಅಂಕಿ ಇನ್ನೂ ಇರುತ್ತದೆ, ಆದರೆ ಹಾಗೇ ಸಿಎಸ್‌ವಿ ಆಗಿ ಉಳಿಸಿದಿರೋ, ಕಂಡದ್ದೇ ಬರೆದುಕೊಂಡು ಉಳಿದದ್ದು ಹೋಗುತ್ತದೆ. ನನ್ನ ನೂರ ಹತ್ತು ಪುಸ್ತಕದ ಐಎಸ್‌ಬಿಎನ್ ಹೀಗೇ ಹೋಯಿತು. ಬೀರು ತೆಗೆದು ಒಂದೊಂದನ್ನೇ ಮತ್ತೆ ನೋಡಿ ಬರೆದೆ.

ನಮ್ಮಲ್ಲಿ ಇನ್ನೊಂದು ಮೋಜು ಇತ್ತು. ಹಳೆಯ ಬೀರುಗಳ ಪುಸ್ತಕಕ್ಕೆ ಕೋಲನ್ ಪದ್ಧತಿಯ ನಂಬರು, ಹೊಸವಕ್ಕೆ ಡ್ಯೂಯಿ. ಎರಡೂ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಪದ್ಧತಿಗಳು. ಕೋಲನ್ ಪದ್ಧತಿ ಮಾಡಿದ ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಕಳೆದ ಊರು ಇದು, 1962ರಲ್ಲಿ ಡಿಆರ್‌ಟಿಸಿ ಅನ್ನುವ ಲೈಬ್ರರಿ ವಿದ್ಯೆಯ ತರಬೇತಿ ಕೇಂದ್ರ ಶುರು ಮಾಡಿದ್ದೂ ಇಲ್ಲೇ, ಹಾಗಾಗಿ ಈ ಊರಿನ ಹಳೆಯ ಲೈಬ್ರರಿಯಲ್ಲಿ ಕೋಲನ್ ನಂಬರು ಕಂಡರೆ ಆಶ್ಚರ್ಯವೇನಿಲ್ಲ. ತೊಂದರೆ ಏನೆಂದರೆ ಆ ನಂಬರಿನೊಳಗೇ ಅಲ್ಪವಿರಾಮ ಬರುತ್ತದೆ. ಸಿಎಸ್‌ವಿ ಅಂದರೆ ಕಾಲಂಗಳ ಮಧ್ಯೆ ಅಲ್ಪವಿರಾಮ ಹಾಕಿದ ಫೈಲು. ನೋಟ್‌ಪ್ಯಾಡಿನಲ್ಲಿ ಕೈಯಲ್ಲೇ ತಿದ್ದಿದ ಫೈಲಿನಲ್ಲಿ ಒಂದು ವರ್ಗ ಸಂಖ್ಯೆ ಮೂರು ಕಾಲಂ ಆಗಿ ಹರಿದು, ಷರಾ ಇರಬೇಕಾದಲ್ಲಿ ಅದರ ತುಂಡು ಬಂದು ಕೂತಿತ್ತು. ಅಲ್ಪವಿರಾಮದ ಬದಲು ಟ್ಯಾಬ್ ಇಟ್ಟು ಉಳಿಸಿ, ಈ ರಗಳೆಯೇ ಇರಲ್ಲ.

ಹೆಸರುಗಳನ್ನು ಒಂದು ಮಾಡೋದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ನಿಜವಾಗಿ ಕಲಿಯಬೇಕಾದ ವಿದ್ಯೆ ಇದೇ. ಲೈಬ್ರರಿ ಸಾಫ್ಟ್‌ವೇರ್ ಯಾವುದಾದರೂ ಇರಲಿ, ಎನ್‌ಐಸಿಯವರ ಇ-ಗ್ರಂಥಾಲಯ ಇರಲಿ, ಇನ್‌ಫ್ಲಿಬ್‌ನೆಟ್‌ನ ಸೋಲ್ ಇರಲಿ, ಕೋಹಾ ಇರಲಿ, ಒಳಗೆ ಕಸ ಹಾಕಿದರೆ ಹೊರಗೆ ಕಸವೇ ಬರೋದು.

ನಮ್ಮ ಮುನ್ನೂರು ಸಾಲಿನಲ್ಲಿ ಒಬ್ಬರೇ ಕವಿ ಐದು ವೇಷದಲ್ಲಿದ್ದರು. ಕುವೆಂಪು, ಕೆ.ವಿ. ಪುಟ್ಟಪ್ಪ, ಕೆ. ವಿ. ಪುಟ್ಟಪ್ಪ, ಪುಟ್ಟಪ್ಪ ಕೆ.ವಿ., ಡಾ. ಕೆ.ವಿ. ಪುಟ್ಟಪ್ಪ. ಮೂವತ್ತು ವರ್ಷದಲ್ಲಿ ನಾಲ್ಕು ಜನ ರಿಜಿಸ್ಟರ್ ಬರೆದರೆ ಹೀಗೇ ಆಗೋದು.

ಇದಕ್ಕೆ ಓಪನ್‌ರಿಫೈನ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಬ್ರೌಸರಿನಲ್ಲಿ ತೆರೆದುಕೊಂಡರೂ ಅದು ಓಡೋದು ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮ ಪಟ್ಟಿ ಹೊರಗೆ ಹೋಗಲ್ಲ. ಹೀಗೆ ಮಾಡಿ:

ಮೊದಲು ಫೈಲು ತೆರೆದು ಯುಟಿಎಫ್-8 ಅಂತ ಆರಿಸಿ. ಅಂಕಿಯಂತೆ ಕಾಣುವುದನ್ನು ಅಂಕಿ ಮಾಡು ಅನ್ನುವ ಟಿಕ್ ಮಾರ್ಕ್ ಇದ್ದರೆ ತೆಗೆಯಿರಿ.

ಲೇಖಕ ಕಾಲಂ ಮೇಲಿನ ಬಾಣ ಒತ್ತಿ, ಫ್ಯಾಸೆಟ್, ಆಮೇಲೆ ಟೆಕ್ಸ್ಟ್ ಫ್ಯಾಸೆಟ್. ಎಡಗಡೆ ಎಲ್ಲ ಹೆಸರೂ, ಎಷ್ಟೆಷ್ಟು ಸಲ ಬಂದಿದೆ ಅನ್ನೋ ಲೆಕ್ಕದ ಜೊತೆ ಬರುತ್ತದೆ. ಸುಮ್ನೆ ಒಂದು ಸಲ ಮೇಲಿಂದ ಕೆಳಗೆ ಓದಿ. ಅರ್ಧ ತಪ್ಪು ಇಲ್ಲೇ ಸಿಗುತ್ತದೆ.

ಆಮೇಲೆ ಕ್ಲಸ್ಟರ್ ಗುಂಡಿ. ಒಂದೇ ಹೆಸರು ಇರಬಹುದು ಅನ್ನಿಸಿದ್ದನ್ನು ಅದು ಗುಂಪು ಮಾಡಿ ತೋರಿಸಿ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳುತ್ತದೆ. ಫಿಂಗರ್‌ಪ್ರಿಂಟ್ ಅನ್ನುವ ವಿಧಾನ ಚುಕ್ಕಿಗಳನ್ನು ಬಿಟ್ಟು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. ಹಾಗಾಗಿ 'ಪುಟ್ಟಪ್ಪ ಕೆ.ವಿ.', 'ಕೆ.ವಿ. ಪುಟ್ಟಪ್ಪ' ಎರಡೂ ಒಂದೇ ಅಂತ ಅದಕ್ಕೆ ಹೊಳೆಯುತ್ತದೆ. ಆದರೆ ಕೆ ಮತ್ತು ವಿ ಮಧ್ಯೆ ಜಾಗ ಬಿಟ್ಟಿದ್ದರೆ ಎರಡು ಬೇರೆ ಪದ ಅಂದುಕೊಳ್ಳುತ್ತದೆ, ಹಿಡಿಯಲ್ಲ. ಅದಕ್ಕೆ ಮೊದಲೇ ಇನಿಷಿಯಲ್‌ಗಳ ಮಧ್ಯದ ಜಾಗ ತೆಗೆದುಬಿಡಿ. ಮೆಟಾಫೋನ್‌ನಂಥ, ಉಚ್ಚಾರ ನೋಡಿ ಹೋಲಿಸುವ ವಿಧಾನಗಳೂ ಪಟ್ಟಿಯಲ್ಲಿವೆ. ಅವು ಇಂಗ್ಲಿಷಿನಂಥ ಭಾಷೆಗಳ ಉಚ್ಚಾರಕ್ಕೆ ಮಾಡಿದವು, ನಮಗೆ ಉಪಯೋಗವಿಲ್ಲ.

ಕುವೆಂಪು ಮತ್ತು ಪುಟ್ಟಪ್ಪ ಒಬ್ಬರೇ ಅನ್ನೋದು ಯಾವ ಕ್ಲಸ್ಟರಿಗೂ ಗೊತ್ತಾಗಲ್ಲ. ಅದು ನಿಮಗೆ ಗೊತ್ತಿರಬೇಕು. ಕಾವ್ಯನಾಮ ಇಟ್ಟುಕೊಳ್ಳೋದೋ, ನಿಜ ಹೆಸರೋ ಅಂತ ಒಂದು ಸಲ ತೀರ್ಮಾನ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾವು ಓದುಗರ ಬಾಯಲ್ಲಿ ಇರುವ ಹೆಸರನ್ನು ಆರಿಸಿದೆವು. ಇನ್ನೊಂದು ಎಚ್ಚರ: ಒಂದೇ ಹೆಸರಿನ ಇಬ್ಬರು ಲೇಖಕರೂ ಇರುತ್ತಾರೆ. ಕ್ಲಸ್ಟರ್ ಹೇಳಿತು ಅಂತ ಎಲ್ಲಕ್ಕೂ ಟಿಕ್ ಹಾಕುತ್ತಾ ಹೋಗಬೇಡಿ.

ಓಪನ್‌ರಿಫೈನ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಅದರ ಅನ್‌ಡೂ ಪಟ್ಟಿ. ನೀವು ಮಾಡಿದ ಪ್ರತಿ ಹೆಜ್ಜೆಯೂ ಅಲ್ಲಿ ಉಳಿದಿರುತ್ತದೆ, ಐದು ಹೆಜ್ಜೆ ಹಿಂದಕ್ಕೆ ಹೋಗಬೇಕಾದರೆ ಅಲ್ಲಿ ಒತ್ತಿದರಾಯಿತು. ಹೆದರಿಕೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಕೋಹಾ

ನಾವು ಬಳಸುವ ಲೈಬ್ರರಿ ಸಾಫ್ಟ್‌ವೇರ್ ಕೋಹಾ. ಅದು ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಹೋರೊಫೆನುವಾ ಅನ್ನುವ ಕಡೆಯ ಲೈಬ್ರರಿಗಳಿಗೆ 1999ರಲ್ಲಿ ಮಾಡಿಸಿದ್ದು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ, ಉಡುಗೊರೆ. ಹೆಸರಿಗೆ ತಕ್ಕ ಹಾಗೆ ದುಡ್ಡು ಕೊಡಬೇಕಿಲ್ಲ. ಆದರೆ ಸರ್ವರ್, ಕರೆಂಟು, ನೋಡಿಕೊಳ್ಳುವ ಜನ, ಇವಕ್ಕೆ ಖರ್ಚು ಇದ್ದೇ ಇದೆ ಅಂತ ಕಮಿಟಿಗೆ ಮೊದಲೇ ಹೇಳಿ.

ಅದನ್ನು ನೀವೇ ಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ. ಅದು ಲಿನಕ್ಸ್ ಮೇಲೆ ಓಡುತ್ತದೆ, ಡೆಬಿಯನ್ ಅಥವಾ ಉಬುಂಟು ಬೇಕು, ಅದು ಬೇರೆಯೇ ಕಲಿಕೆ. ಕೋಹಾ ಸಮುದಾಯದ ತಾಣದಲ್ಲಿ ಡೆಮೊಗಳ ಪಟ್ಟಿ ಇದೆ. ಅಲ್ಲಿ ಲಾಗಿನ್ ಆಗಿ ಏನು ಬೇಕಾದರೂ ಕೆಡಿಸಿ, ಯಾರೂ ಬೈಯಲ್ಲ. ನಿಜವಾದ ಓದುಗರ ಹೆಸರು, ಫೋನ್ ನಂಬರ್ ಮಾತ್ರ ಅಲ್ಲಿ ಹಾಕಬೇಡಿ, ಎಲ್ಲರಿಗೂ ಕಾಣುವ ಜಾಗ ಅದು. ವೀಡಿಯೊ ಬೇಕಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೋಹಾದ ಪಾಠಗಳಿವೆ. ಚಿಕ್ಕ ಚಿಕ್ಕವು. ನೋಡುತ್ತಾ ಪಕ್ಕದ ಕಿಟಕಿಯಲ್ಲಿ ಮಾಡುತ್ತಾ ಹೋಗಬಹುದು.

ಮೊದಲ ವಾರ ಡೆಮೊದಲ್ಲಿ ಒಂದೇ ಒಂದು ಪುಸ್ತಕದ ಕಥೆ ಪೂರ್ತಿ ಮಾಡಿ. ಒಬ್ಬ ಸುಳ್ಳು ಮೆಂಬರ್ ಸೃಷ್ಟಿಸಿ. ಒಂದು ಪುಸ್ತಕ ಸೇರಿಸಿ. ಅದಕ್ಕೆ ಒಂದು ಪ್ರತಿ ಸೇರಿಸಿ, ಬಾರ್‌ಕೋಡ್ ಕೊಡಿ. ಇಶ್ಯೂ ಮಾಡಿ. ವಾಪಸು ತಗೊಳ್ಳಿ. ಮತ್ತೆ ಇಶ್ಯೂ ಮಾಡಿ, ಈ ಸಲ ವಾಪಸು ಕೊಡುವ ತಾರೀಕನ್ನು ಹಿಂದಿನದಾಗಿ ಹಾಕಿ, ಫೈನು ಬೀಳುತ್ತಾ ನೋಡಿ. ಪುಸ್ತಕ ಅನ್ನೋ ದಾಖಲೆ ಬೇರೆ, ಅದರ ಪ್ರತಿ ಅನ್ನೋ ದಾಖಲೆ ಬೇರೆ. ರಿಜಿಸ್ಟರ್ ಅಭ್ಯಾಸದವರಿಗೆ ಇದೊಂದು ಒಗ್ಗೋಕೆ ಸಮಯ ಬೇಕು. ನನಗೆ ಹದಿನೈದು ದಿನ ಹಿಡಿಯಿತು. ಒಂದೇ ಕಾದಂಬರಿಯನ್ನು ಮೂರು ಸಲ ಸೇರಿಸಿ, ಓದುಗರಿಗೆ ಮೂರು ಬೇರೆ ಪುಸ್ತಕ ಕಾಣುವ ಹಾಗೆ ಮಾಡಿದ್ದೆ.

ಆಮೇಲೆ ಮಾರ್ಕ್, ಅಂದರೆ ಪುಸ್ತಕದ ಪ್ರತಿಯೊಂದು ವಿವರಕ್ಕೂ ಒಂದು ನಂಬರು ಕೊಟ್ಟು ಬರೆಯುವ ಪದ್ಧತಿ. ಹೆಸರು ಕೇಳಿಯೇ ಸುಸ್ತಾಗಬೇಡಿ. ದಿನಾ ಬೇಕಾಗುವ ನಂಬರುಗಳು ಹತ್ತೇ ಹತ್ತು. 020 ಐಎಸ್‌ಬಿಎನ್, 082 ಡ್ಯೂಯಿ ಸಂಖ್ಯೆ, 084 ಬೇರೆ ಪದ್ಧತಿಯ ಸಂಖ್ಯೆ (ನಮ್ಮ ಕೋಲನ್ ಅಲ್ಲಿ ಹೋಯಿತು), 100 ಲೇಖಕ, 245 ಪುಸ್ತಕದ ಹೆಸರು, 260 ಪ್ರಕಾಶಕ, 300 ಪುಟ, 650 ವಿಷಯ, 700 ಅನುವಾದಕ ಸಂಪಾದಕ ಇತ್ಯಾದಿ. 952 ಕೋಹಾದ ಸ್ವಂತದ್ದು, ಪ್ರತಿಯ ವಿವರ ಅಲ್ಲಿರುತ್ತದೆ, ಅದರ ಪಿ ಸಬ್‌ಫೀಲ್ಡ್ (ಒಳಖಾನೆ) ಬಾರ್‌ಕೋಡ್. ನಾನು ಇದನ್ನು ರಟ್ಟಿನ ಮೇಲೆ ಬರೆದು ಮಾನಿಟರಿನ ಪಕ್ಕ ಅಂಟಿಸಿದ್ದೆ. ಕನ್ನಡ ಸಾಹಿತ್ಯದ ಡ್ಯೂಯಿ ಸಂಖ್ಯೆ 894.814 ಅನ್ನೋದನ್ನೂ ಅದರಲ್ಲೇ ಬರೆದೆ, ನಮ್ಮ ಅರ್ಧ ಲೈಬ್ರರಿ ಅದೇ ತಾನೆ.

ಹೊರಗಿನ ಲೈಬ್ರರಿಗಳಿಂದ ದಾಖಲೆ ಎಳೆದುಕೊಳ್ಳುವ ಝಡ್ 39.50 ಅನ್ನುವ ಸೌಲಭ್ಯ ಇದೆ. ಇಂಗ್ಲಿಷ್ ಪುಸ್ತಕಕ್ಕೆ ಅದ್ಭುತ. ಐಎಸ್‌ಬಿಎನ್ ಹಾಕಿದರೆ ಎಲ್ಲ ತುಂಬಿಕೊಂಡು ಬರುತ್ತದೆ. ಕನ್ನಡ ಪುಸ್ತಕಗಳೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೇಕಾದಷ್ಟು ಇವೆ, ಆದರೆ ಹೆಸರು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೆ ಕೆಳಗೆ ಗೆರೆ ಚುಕ್ಕಿ ಹಾಕಿದ ಹಾಗೆ ಇರುತ್ತದೆ. ನಮ್ಮ ಓದುಗರು ಅದನ್ನು ಹುಡುಕಲ್ಲ. ಪುಟ, ವರ್ಷ, ವಿಷಯ ತಗೊಂಡು ಹೆಸರನ್ನು ಕನ್ನಡದಲ್ಲಿ ನೀವೇ ಬರೆಯಬೇಕು.

ಡೆಮೊ ಮುಗಿದು ನಿಮ್ಮದೇ ಕೋಹಾ ಬಂದ ಮೇಲೆ ಪುಸ್ತಕ ಸೇರಿಸಲು ಅವಸರ ಬೇಡ. ಮೊದಲು ಲೈಬ್ರರಿಯ ಹೆಸರು, ಪುಸ್ತಕದ ಬಗೆ, ಮೆಂಬರ್‌ಗಳ ಬಗೆ, ಆಮೇಲೆ ಇಶ್ಯೂ ನಿಯಮ, ಕೊನೆಗೆ ಕ್ಯಾಲೆಂಡರ್. ಕ್ಯಾಲೆಂಡರಿನಲ್ಲಿ ರಜೆ ಹಾಕದೆ ಬಿಟ್ಟರೆ ಬಾಗಿಲು ಮುಚ್ಚಿದ ದಿನಕ್ಕೂ ಫೈನು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಒಬ್ಬರು ಹಿರಿಯರು ದಸರಾ ರಜೆಗೂ ಫೈನು ಬಿದ್ದದ್ದನ್ನು ಕಂಡು, "ಏನಮ್ಮಾ, ಬೀಗ ಹಾಕಿದ್ದು ನೀವು, ದಂಡ ಕಟ್ಟೋದು ನಾನಾ?" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಎರಡು ರೂಪಾಯಿ ನಾನೇ ಮನ್ನಾ ಮಾಡಿದೆ.

ಈಗ ಮುನ್ನೂರು ಸಾಲನ್ನು ಒಳಗೆ ಹಾಕೋದು. ಮಾರ್ಕ್‌ಎಡಿಟ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಟ್ಯಾಬ್ ಫೈಲನ್ನು ಮಾರ್ಕ್ ಮಾಡಿ ಕೊಡುತ್ತದೆ. ಯಾವ ಕಾಲಂ ಯಾವ ನಂಬರಿಗೆ ಅಂತ ಒಂದು ಸಲ ಹೇಳಿ, ಆ ಹೊಂದಿಕೆಯನ್ನು ಉಳಿಸಿಡಿ, ಮುಂದಿನ ಸಲ ಕೆಲಸಕ್ಕೆ ಬರುತ್ತದೆ. ಇಲ್ಲೂ ಯುಟಿಎಫ್-8 ಆರಿಸೋದು ಮರೆಯಬೇಡಿ. ಬಂದ ಫೈಲನ್ನು ಕೋಹಾದಲ್ಲಿ ಮೊದಲು ಸ್ಟೇಜ್ ಮಾಡಬೇಕು, ಅಂದರೆ ಜಗಲಿಯಲ್ಲಿ ಕೂರಿಸಿದ ಹಾಗೆ, ಇನ್ನೂ ಒಳಗೆ ಬಂದಿಲ್ಲ. ಅಲ್ಲಿ ನೋಡಿ ಸರಿ ಇದ್ದರೆ ಇಂಪೋರ್ಟ್. ತಪ್ಪಿದ್ದರೆ ಇಂಪೋರ್ಟ್ ಆದ ಮೇಲೂ ಆ ಗುಂಪನ್ನು ವಾಪಸು ತೆಗೆಯುವ ಗುಂಡಿ ಇದೆ. ನಾನು ಅದನ್ನು ನಾಲ್ಕು ಸಲ ಒತ್ತಿದ್ದೇನೆ. ಮುನ್ನೂರು ಸರಿಯಾಗಿ ಬಂದ ಮೇಲೆ ಉಳಿದದ್ದನ್ನು ಐನೂರು ಐನೂರರ ಕಟ್ಟಾಗಿ ಹಾಕಿ.

ಬಾರ್‌ಕೋಡ್ ಸ್ಕ್ಯಾನರ್

ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ ತನ್ನಿ. ಹೋಗುವಾಗ ನಿಮ್ಮದೇ ಲೇಬಲ್ ಒಂದೆರಡು ಪ್ರಿಂಟ್ ಮಾಡಿಕೊಂಡು ಹೋಗಿ ಅಲ್ಲೇ ಪರೀಕ್ಷೆ ಮಾಡಿ. ಸ್ಕ್ಯಾನರ್ ಅಂದರೆ ಬೇಗ ಟೈಪ್ ಮಾಡುವ ಕೀಬೋರ್ಡ್, ಅಷ್ಟೇ. ನೋಟ್‌ಪ್ಯಾಡ್ ತೆರೆದು ಬೀಪ್ ಅನ್ನಿಸಿದರೆ ನಂಬರ್ ಬಂದು ಕೂರಬೇಕು. ಕೀಬೋರ್ಡ್ ಆಗಿರೋದರಿಂದಲೇ ಎರಡು ಕಾಟ. ಕ್ಯಾಪ್ಸ್‌ಲಾಕ್ ಆನ್ ಇದ್ದರೆ ಅಕ್ಷರಗಳು ಉಲ್ಟಾ ಆಗಬಹುದು. ಕನ್ನಡ ಕೀಲಿಮಣೆ ಆನ್ ಇದ್ದರೆ ಬಾರ್‌ಕೋಡಿನ ಇಂಗ್ಲಿಷ್ ಅಕ್ಷರ ಕನ್ನಡವಾಗಿ ಬಂದು, ಇಂಥ ಪುಸ್ತಕವೇ ಇಲ್ಲ ಅನ್ನುತ್ತದೆ. ಸ್ಕ್ಯಾನರ್ ಕೆಟ್ಟಿದೆ ಅಂತ ನಮ್ಮ ಅಟೆಂಡರ್ ಅದನ್ನು ಬಸ್ಸಿನಲ್ಲಿ ಅಂಗಡಿಗೆ ವಾಪಸು ಒಯ್ದಿದ್ದರು. ಕೆಟ್ಟಿರಲಿಲ್ಲ. ಬಾರ್‌ಕೋಡಿನಲ್ಲಿ ಬರೀ ಅಂಕಿ ಇಟ್ಟುಕೊಂಡರೆ ಈ ಕಾಟ ಕಮ್ಮಿ.

ಲೇಬಲ್ ಪ್ರಿಂಟ್ ಮಾಡುವ ಮೊದಲು ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು, ಸ್ಟಿಕ್ಕರ್ ಹಾಳೆಯ ಹಿಂದೆ ಹಿಡಿದು ಬೆಳಕಿಗೆ ನೋಡಿ. ಸಾಲು ಹೊಂದಿದರೆ ಮಾತ್ರ ಸ್ಟಿಕ್ಕರ್ ಹಾಕಿ.

ಸಣ್ಣಪುಟ್ಟವು

ಓದುಗರಿಂದ ಬೇಕಾದ ಪುಸ್ತಕದ ಹೆಸರು ತಗೊಳ್ಳೋಕೆ ಗೂಗಲ್ ಫಾರ್ಮ್ ಸಾಕು. ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿ, ಪಕ್ಕದಲ್ಲೇ ಒಂದು ಪೆನ್ನು ಪುಸ್ತಕವೂ ಇರಲಿ, ಎಲ್ಲರ ಹತ್ತಿರ ಆ ತರಹದ ಫೋನ್ ಇರಲ್ಲ. ಉತ್ತರ ಬಂದು ಬೀಳುವ ಶೀಟನ್ನು ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಇಡಬೇಡಿ. ಜನರ ಫೋನ್ ನಂಬರ್ ಅದರಲ್ಲಿರುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ ಕಾನೂನು ಬಂದಿದೆ. ಮೆಂಬರ್ ಆಗೋಕೆ ಆಧಾರ್ ಜೆರಾಕ್ಸ್ ಬೇಕೇ ಬೇಕಾ ಅಂತ ಕಮಿಟಿಯಲ್ಲಿ ಒಮ್ಮೆ ಕೇಳಿ ನೋಡಿ.

ಕೋಹಾದ ರಿಪೋರ್ಟ್ ಭಾಗಕ್ಕೆ ಎಸ್‌ಕ್ಯುಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಗೊತ್ತಿರಬೇಕು ಅಂತ ನಾನು ಅದರ ಹತ್ತಿರ ಹೋಗಿರಲಿಲ್ಲ. ಬೇರೆ ಲೈಬ್ರರಿಯವರು ಬರೆದ ರಿಪೋರ್ಟುಗಳು ಕೋಹಾ ವಿಕಿಯಲ್ಲಿ ರಾಶಿ ಇವೆ, ಕಾಪಿ ಮಾಡಿ ಅಂಟಿಸಬಹುದು. ಈಗಿನ ಎಐ ಚಾಟ್‌ಗಳನ್ನು ಕೇಳಿದರೂ ಬರೆದುಕೊಡುತ್ತವೆ. ರಿಪೋರ್ಟಿನಲ್ಲಿ ಓದುವ ಆದೇಶ ಮಾತ್ರ ನಡೆಯುತ್ತದೆ, ಅಳಿಸುವುದು ಬದಲಿಸುವುದು ನಡೆಯಲ್ಲ, ಹಾಗಾಗಿ ತಪ್ಪು ಬರೆದರೂ ಡೇಟಾ ಹಾಳಾಗಲ್ಲ. ಬಂದ ಉತ್ತರವನ್ನು ಮಾತ್ರ ಒಂದು ಬೀರುವಿನ ಎದುರು ನಿಂತು ತಾಳೆ ನೋಡಿ. ಆದರೆ ಇಂಥ ಹಳೆಯ ಕನ್ನಡ ಪುಸ್ತಕ ಯಾವ ವರ್ಷದ್ದು, ಪ್ರಕಾಶಕರು ಯಾರು ಅಂತ ಆ ಚಾಟ್‌ಗಳನ್ನು ಕೇಳಬೇಡಿ. ಇಲ್ಲದ್ದನ್ನು ಇದೆ ಅನ್ನುವ ಹಾಗೆ, ಬಹಳ ವಿಶ್ವಾಸದಿಂದ ಹೇಳುತ್ತವೆ.

ಬ್ಯಾಕಪ್

ಬೇಸಿಗೆಯಲ್ಲಿ ಕರೆಂಟ್ ಹೋಗೋದು, ಮಳೆಗಾಲದಲ್ಲಿ ಕರೆಂಟ್ ಹೋಗೋದು, ಎರಡೂ ನಮಗೆ ಗೊತ್ತಿದ್ದದ್ದೇ. ಸರ್ವರಿಗೆ ಯುಪಿಎಸ್ ಇರಲಿ. ಕೋಹಾದ ಡೆಬಿಯನ್ ಪ್ಯಾಕೇಜಿನಲ್ಲಿ ದಿನಾ ತಾನೇ ಬ್ಯಾಕಪ್ ತೆಗೆಯುವ ವ್ಯವಸ್ಥೆ ಇದೆ. ಆದರೆ ಅದು ಕೂರುವುದು ಅದೇ ಕಂಪ್ಯೂಟರಿನಲ್ಲಿ. ಡಿಸ್ಕ್ ಹೋದರೆ ಎರಡೂ ಹೋಯಿತು. ಪ್ರತಿ ಶನಿವಾರ ಆ ಫೈಲನ್ನು ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಬೇರೆ ಕಟ್ಟಡದಲ್ಲಿ ಇಡಿ. ವರ್ಷಕ್ಕೆ ಒಂದು ಸಲ ಅದನ್ನು ಬೇರೆ ಕಂಪ್ಯೂಟರಿನಲ್ಲಿ ವಾಪಸು ಹಾಕಿ ನೋಡಿ. ನಾವು ಮೊದಲ ಸಲ ಹಾಗೆ ಮಾಡಿದಾಗ ಏಳು ತಿಂಗಳ ಫೈಲುಗಳೂ ಸೊನ್ನೆ ಬೈಟ್ ಇದ್ದವು. ಡಿಸ್ಕ್ ತುಂಬಿತ್ತು, ಯಾರೂ ನೋಡಿರಲಿಲ್ಲ.

ಇನ್‌ಸ್ಟಾಲ್ ಮಾಡಿಕೊಟ್ಟ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋಗೇ ಹೋಗುತ್ತಾನೆ. ಅವನು ಹೋಗುವ ಮೊದಲು ಪಾಸ್‌ವರ್ಡುಗಳು, ಸರ್ವರ್ ವಿಳಾಸ, ಬ್ಯಾಕಪ್ ಎಲ್ಲಿ ಬೀಳುತ್ತದೆ ಅನ್ನೋದು, ಎಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಮ್ಮಲ್ಲಿ ಆ ಹಾಳೆ ಅರಗಿನ ಸೀಲು ಹಾಕಿದ ಲಕೋಟೆಯಲ್ಲಿ, ಕೆಂಪು ರಿಜಿಸ್ಟರ್ ಇರುವ ಬೀರುವಿನಲ್ಲೇ ಇದೆ. ಬೀಗದ ಕೈ ಎರಡು. ಒಂದು ನನ್ನ ಹತ್ತಿರ, ಇನ್ನೊಂದು ಕಾರ್ಯದರ್ಶಿಗಳ ಮನೆಯಲ್ಲಿ.